ಪಾಠ ಮುಗಿದ ಮೇಲಿನ ಒಂದು ಪುಟ

ಬಿ.ಎಡ್. ಮುಗಿಸುವ ಹೊತ್ತಿಗೆ ಒಬ್ಬ ಪ್ರಶಿಕ್ಷಣಾರ್ಥಿ ಎಷ್ಟು ಪುಟ ಬರೆದಿರುತ್ತಾರೆ ಎಂದು ಲೆಕ್ಕ ಹಾಕಿದರೆ ನಮಗೇ ಆಶ್ಚರ್ಯವಾದೀತು. ಸೂಕ್ಷ್ಮ ಬೋಧನೆಯ ದಾಖಲೆ, ಎರಡು ವಿಷಯಗಳ ಪಾಠ ಯೋಜನೆ, ಸಹಪಾಠಿಗಳ ಪಾಠ ವೀಕ್ಷಣೆ, ಘಟಕ ಪರೀಕ್ಷೆ, ಕ್ರಿಯಾ ಸಂಶೋಧನೆ, ಮನೋವಿಜ್ಞಾನ ಪ್ರಯೋಗ, ಶಾಲಾ ಸಮೀಕ್ಷೆ ಎಲ್ಲವೂ ಸೇರಿ ಒಂದು ಚೀಲ ತುಂಬುತ್ತದೆ. ಇಷ್ಟು ಬರೆದವರನ್ನು ಯಾರಾದರೂ "ನೀವು ಬರೀತೀರೇನ್ರಿ?" ಎಂದು ಕೇಳಿದರೆ ನಮ್ಮ ಉತ್ತರ ಮಾತ್ರ "ಇಲ್ರಿ, ನಾವು ಸೈನ್ಸ್‌ನವರು" ಎಂದೇ ಇರುತ್ತದೆ.

ಈ ಉತ್ತರದ ಬಗ್ಗೆ ನನಗೆ ತಕರಾರಿದೆ. ಬರವಣಿಗೆ ಎಂದರೆ ಕವಿತೆ, ಕಥೆ. ಅದು ಭಾಷಾ ವಿಷಯದವರ ಕೆಲಸ. ವಿಜ್ಞಾನ, ಗಣಿತದವರು ದಾಖಲೆ ತುಂಬಿದರೆ ಸಾಕು ಎಂಬ ನಂಬಿಕೆ ಅದರ ಹಿಂದಿದೆ. ನನ್ನ ಅಭಿಪ್ರಾಯ ಬೇರೆ. ತಾನು ಕಂಡದ್ದನ್ನು ತನ್ನ ವಾಕ್ಯದಲ್ಲಿ ಬರೆಯಲು ಕಲಿಯದ ಶಿಕ್ಷಕಿಗೆ ತನ್ನ ತರಗತಿಯೂ ಪೂರ್ತಿ ಕಾಣುವುದಿಲ್ಲ. ಬೀದರ ಜಿಲ್ಲೆಯಂಥ ಗಡಿ ಸೀಮೆಯಲ್ಲಿ ಈ ಮಾತು ಇನ್ನಷ್ಟು ನಿಜ. ಪಾಠ ಮುಗಿದ ಮೇಲೆ ಅಂಕಗಳಿಲ್ಲದ ಒಂದು ಪುಟ ಬರೆಯುವ ರೂಢಿ ಅಭ್ಯಾಸ ಬೋಧನೆಯ ಭಾಗವಾಗಬೇಕು ಎಂಬುದು ಈ ಲೇಖನದ ಒಟ್ಟು ವಾದ. ಅದರ ಕಷ್ಟಗಳೇನು, ಅದರಿಂದ ಸಿಗುವುದೇನು ಎಂಬುದನ್ನು ಭಾಲ್ಕಿಯ ಮನೆ, ಬೀದರದ ಕಾಲೇಜು ಮತ್ತು ಔರಾದ ತಾಲ್ಲೂಕಿನ ಇಂಟರ್ನ್‌ಶಿಪ್ ಶಾಲೆಯ ನಡುವೆ ಓಡಾಡಿದ ನನ್ನ ಅನುಭವದಿಂದ ಹೇಳುತ್ತೇನೆ.

ದಾಖಲೆಯ ಭಾಷೆ

ಮೊದಲು ನಾವು ದಿನವೂ ಬರೆಯುವ ಭಾಷೆಯನ್ನೇ ನೋಡೋಣ. "ವಿದ್ಯಾರ್ಥಿಗಳು ವ್ಯಾಖ್ಯೆಯನ್ನು ಪುನಃಸ್ಮರಿಸುವರು", "ವ್ಯತ್ಯಾಸವನ್ನು ಗುರುತಿಸುವರು", "ದಿನನಿತ್ಯದ ಜೀವನದಲ್ಲಿ ಅನ್ವಯಿಸುವರು". ಪಾಠ ಯೋಜನೆಯ ಕ್ರಿಯಾಪದಗಳೆಲ್ಲ ಹೀಗೆ 'ವರು' ಎಂದೇ ಮುಗಿಯುತ್ತವೆ. ಯೋಜನೆ ಪಾಠಕ್ಕಿಂತ ಮುಂಚೆ ಬರೆಯುವಂಥದ್ದು, ಆದ್ದರಿಂದ ಹಾಗಿರಬೇಕಾದದ್ದೇ. ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳು ಹೊಸಬರಿಗೆ ಒಳ್ಳೆಯ ಆಸರೆ. ಆ ನಮೂನೆಯನ್ನು ನಾನು ಬೇಡ ಎನ್ನುತ್ತಿಲ್ಲ.

ತೊಂದರೆ ಇರುವುದು ಕಾಲದಲ್ಲಿ. ಭವಿಷ್ಯದಲ್ಲಿ ಎಲ್ಲ ಮಕ್ಕಳೂ ಕಲಿತೇ ಬಿಡುತ್ತಾರೆ. ಪಾಠ ಮುಗಿದ ಮೇಲೆ ಏನಾಯಿತು ಎಂದು ಬರೆಯಲು ನಮಗೆ ಸಿಗುವುದು ಕೊನೆಯ ಪುಟದ ಎರಡು ಗೆರೆ ಜಾಗ. ಅಲ್ಲಿ ಏನಿರುತ್ತದೆ ಎಂಬುದು ಇದನ್ನು ಓದುತ್ತಿರುವ ಎಲ್ಲರಿಗೂ ಗೊತ್ತು: "ಪಾಠವು ಯಶಸ್ವಿಯಾಗಿ ಮುಗಿಯಿತು. ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು." ವರ್ಷದಿಂದ ವರ್ಷಕ್ಕೆ, ಬ್ಯಾಚಿನಿಂದ ಬ್ಯಾಚಿಗೆ ಇದೇ ವಾಕ್ಯ ಬರುತ್ತದೆ. ಯಾವ ವಿದ್ಯಾರ್ಥಿ, ಯಾವ ಪ್ರಶ್ನೆಗೆ, ಯಾವ ಮಾತಿನಲ್ಲಿ ಉತ್ತರ ಕೊಟ್ಟಳು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಮುಂದಿನ ದಿನದ ಪಾಠಕ್ಕೆ ಬೇಕಾಗಿರುವುದು ಅದೇ.

ಎನ್.ಸಿ.ಟಿ.ಇ.ಯ 2014ರ ನಿಯಮಗಳು ಬಿ.ಎಡ್. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿದವು. ಶಾಲೆಯ ಅನುಭವಕ್ಕೆ ಒಟ್ಟು 20 ವಾರ ಕೊಟ್ಟವು. ಪಠ್ಯಗಳನ್ನು ಓದಿ ಅವುಗಳ ಬಗ್ಗೆ ಚಿಂತಿಸುವುದನ್ನೇ ಒಂದು ಕೋರ್ಸ್ ಮಾಡಿದವು. ಚಿಂತನಶೀಲ ದಿನಚರಿಯ ಮಾತೂ ಆಗಲೇ ಬಂತು. ಆಶಯ ಒಳ್ಳೆಯದು. ಆದರೆ ಆಶಯ ಕಾಲೇಜಿನವರೆಗೆ ಬರುವಷ್ಟರಲ್ಲಿ ದಿನಚರಿಯೂ ಇನ್ನೊಂದು ದಾಖಲೆ ಪುಸ್ತಕವಾಯಿತು. ಅದಕ್ಕೂ ಸೂಚ್ಯಂಕ, ಪುಟ ಸಂಖ್ಯೆ, ಸಹಿ, ಅಂಕ ಬಂದವು. ಅಂಕ ಬಂದ ಕಡೆ ಯಶಸ್ವಿಯಾಗದ ಪಾಠದ ವಿವರ ಬರೆಯುವ ಧೈರ್ಯ ಯಾರಿಗೂ ಬರುವುದಿಲ್ಲ.

ಯಾವ ಕನ್ನಡದಲ್ಲಿ ಬರೆಯುವುದು?

ನಮೂನೆ ಬಿಟ್ಟು ಸ್ವಂತ ಪುಟ ತೆರೆದ ಕೂಡಲೇ ಎದುರಾಗುವ ಮೊದಲ ಕಷ್ಟ ಭಾಷೆಯದು. ನನ್ನ ಶಾಲೆ ಕನ್ನಡ ಮಾಧ್ಯಮ. ಬಿ.ಎಸ್ಸಿ.ಯಲ್ಲಿ ಎಲ್ಲವೂ ಇಂಗ್ಲಿಷ್. ಬಿ.ಎಡ್.ನಲ್ಲಿ ಮತ್ತೆ ಕನ್ನಡ; ಅದೂ ಪ್ರಶಿಕ್ಷಣದ ಪಾರಿಭಾಷಿಕ ಪದಗಳ ಕನ್ನಡ. ಮನೆಯಲ್ಲಿ ಮಾತಾಡುವುದು ಭಾಲ್ಕಿ ಕಡೆಯ ಕನ್ನಡ. ಬೀದರದ ಬಜಾರಕ್ಕೆ ಹೋದರೆ ದಖನಿ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮರಾಠಿ. ಇಷ್ಟು ಭಾಷೆಗಳ ನಡುವೆ ಬೆಳೆದವರಿಗೆ ಮಾತಿಗೆ ಬಡತನವಿಲ್ಲ. ಪೆನ್ನು ಹಿಡಿದಾಗ ಮಾತ್ರ ಇವುಗಳಲ್ಲಿ ಯಾವುದೂ 'ಸರಿಯಾದ' ಭಾಷೆ ಅನ್ನಿಸುವುದಿಲ್ಲ.

ಒಂದು ಉದಾಹರಣೆ. ತೊಗರಿ ಹೊಲದಲ್ಲಿ ನಿಂತು ನಮ್ಮಪ್ಪ "ಬಿಸಲಿಗಿ ಬೆಳಿ ಬಾಡಲತ್ತದ" ಎನ್ನುತ್ತಾರೆ. ಪಠ್ಯದ ಕನ್ನಡದಲ್ಲಿ ಅದು "ಬಿಸಿಲಿಗೆ ಬೆಳೆ ಬಾಡುತ್ತಿದೆ". ನನ್ನ ಬಿ.ಎಸ್ಸಿ. ನೋಟ್ಸಿನ ಭಾಷೆಯನ್ನು ಕನ್ನಡಕ್ಕೆ ತಂದರೆ "ಅಧಿಕ ತಾಪಮಾನದಲ್ಲಿ ಬಾಷ್ಪವಿಸರ್ಜನೆಯ ದರ ಹೆಚ್ಚಾಗುವುದರಿಂದ ಸಸ್ಯಕೋಶಗಳು ಬಿಗುವನ್ನು ಕಳೆದುಕೊಳ್ಳುತ್ತವೆ". ಮೂರೂ ಒಂದೇ ಸಂಗತಿಯನ್ನು ಹೇಳುತ್ತವೆ. ಅಪ್ಪನ ಮಾತಿನಲ್ಲಿ ಹೊಲ ಕಾಣುತ್ತದೆ. ಕೊನೆಯದರಲ್ಲಿ ಕಾರಣ ಕಾಣುತ್ತದೆ. ಶಿಕ್ಷಕಿಯಾಗಿ ನನಗೆ ಎರಡೂ ಬೇಕು. ಅಪ್ಪನ ವಾಕ್ಯದಿಂದ ಹೊರಟು ಕಾರಣದ ವಾಕ್ಯದವರೆಗೆ ಮಕ್ಕಳ ಕೈಹಿಡಿದು ಕರೆದೊಯ್ಯುವುದೇ ವಿಜ್ಞಾನ ಪಾಠ. ಆ ದಾರಿಯನ್ನು ನಾನು ಮೊದಲು ಕಾಗದದ ಮೇಲೆ ನಡೆದಿರದಿದ್ದರೆ ತರಗತಿಯಲ್ಲಿ ನಡೆಯುವುದು ಕಷ್ಟ.

ಈ ತೊಡಕು ನಮ್ಮೊಬ್ಬರದೇ ಅಲ್ಲ ಎಂದು ತಿಳಿದುಕೊಂಡರೆ ಧೈರ್ಯ ಬರುತ್ತದೆ. ಜಯದೇವಿತಾಯಿ ಲಿಗಾಡೆ ಹುಟ್ಟಿದ್ದು ಸೊಲ್ಲಾಪುರದಲ್ಲಿ, ಓದಿದ್ದು ಮರಾಠಿಯಲ್ಲಿ. ಕನ್ನಡದ ಬರವಣಿಗೆಯನ್ನು ಸ್ವಂತ ಪ್ರಯತ್ನದಿಂದ ರೂಢಿಸಿಕೊಂಡು ಸಿದ್ಧರಾಮನನ್ನು ಕುರಿತು ಮಹಾಕಾವ್ಯ ಬರೆದರು. ವಚನಗಳನ್ನು ಮರಾಠಿಗೆ ಒಯ್ದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ. ಬದುಕಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ. ಎರಡು ಭಾಷೆಯ ನಡುವೆ ನಿಂತವರು ಬರೆಯಲಾರರು ಎಂಬ ಮಾತಿಗೆ ಅವರ ಬದುಕೇ ಉತ್ತರ.

ಇದು ಬರವಣಿಗೆಯ ಊರೇ

ಬೀದರವನ್ನು ಹಿಂದುಳಿದ ಜಿಲ್ಲೆ ಎಂದು ಕೇಳಿ ಕೇಳಿ ನಮಗೂ ಅಭ್ಯಾಸವಾಗಿದೆ. ಬರವಣಿಗೆಯ ವಿಷಯದಲ್ಲಿ ಈ ಮಾತನ್ನು ನಾನು ಒಪ್ಪುವುದಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಟ್ಟೆ ತೊಳೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಚೆಲ್ಲಿದ ಅಕ್ಕಿ ಆರಿಸುವವರು ವಚನಕಾರರಾದರು. ಅವರವರ ಕಾಯಕದ ಮಾತುಗಳೇ ಅವರ ವಚನಗಳೊಳಗೆ ಬಂದವು. 15ನೆಯ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ದಖನಿ ಭಾಷೆಯ ಮೊದಲ ಕಾವ್ಯಗಳಲ್ಲಿ ಒಂದಾದ 'ಕದಮ್ ರಾವ್ ಪದಮ್ ರಾವ್' ಹುಟ್ಟಿದ್ದೂ ಬೀದರದಲ್ಲೇ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಪತ್ರಗಳನ್ನು ಹೇಗೆ ಬರೆಯಬೇಕೆಂಬ ಬಗ್ಗೆ ಫಾರಸಿಯಲ್ಲಿ ಒಂದು ಗ್ರಂಥವನ್ನೇ ರಚಿಸಿದ್ದ. ಬರವಣಿಗೆ ಕಲಿಸಬಹುದಾದ, ಕಲಿಯಬಹುದಾದ ವಿದ್ಯೆ ಎಂಬ ತಿಳಿವಳಿಕೆ ಈ ಊರಿಗೆ ಹೊಸದಲ್ಲ.

ಭಾಲ್ಕಿಯವಳಾಗಿ ಇನ್ನೊಂದನ್ನು ಹೇಳದಿದ್ದರೆ ಆಗದು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಸಂಗತಿಯನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರತಿವರ್ಷ ಕೇಳುತ್ತೇವೆ. ಪ್ರಶಿಕ್ಷಣಾರ್ಥಿಯಾದ ಮೇಲೆ ನನಗೆ ಅದು ಬೇರೆ ರೀತಿಯಲ್ಲಿ ಕಾಣತೊಡಗಿದೆ. ಹೊರಗಿನ ಫಲಕ ಆಳುವವರಿಗಾಗಿ; ಒಳಗಿನ ಪಾಠ ಮಕ್ಕಳಿಗಾಗಿ. ನಮ್ಮ ದಾಖಲೆ ಪುಸ್ತಕಗಳು ಹೊರಗಿನ ಫಲಕದಂತೆ ಇರಲಿ, ಪರೀಕ್ಷೆಗೆ ಅವು ಬೇಕು. ಒಳಗೆ ಮಕ್ಕಳಿಗಾಗಿ ಬರೆದ ಪುಟ ಇದೆಯೇ ಎಂಬುದು ನನ್ನ ಪ್ರಶ್ನೆ.

ವಾಫ್, ಭಾಪ್, ಬಾಷ್ಪ

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಕಡೆಯ ಭಾಗ ಆಗಿನ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರು ರಾಜ್ಯಕ್ಕೆ. ಗೆರೆ ನಕ್ಷೆಯ ಮೇಲೆ ಬಿತ್ತು. ಮಾತು, ಮದುವೆ, ಸಂತೆ ಗೆರೆ ದಾಟಿಕೊಂಡೇ ಇವೆ. ಔರಾದ ತಾಲ್ಲೂಕಿನಲ್ಲಿ ನನ್ನ ಇಂಟರ್ನ್‌ಶಿಪ್ ನಡೆದ ಊರಿನ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಏಳನೆಯ ತರಗತಿಯ ಅರ್ಧದಷ್ಟು ಮಕ್ಕಳು ಮನೆಯಲ್ಲಿ ಮರಾಠಿ ಮಾತಾಡುವವರು. ಕೆಲವರ ಮನೆಯಲ್ಲಿ ಲಂಬಾಣಿ, ಕೆಲವರಲ್ಲಿ ಉರ್ದು.

ಅಲ್ಲಿ ನಾನು ಮಾಡಿದ ಪಾಠಗಳಲ್ಲಿ ಒಂದು ಬಾಷ್ಪವಿಸರ್ಜನೆ. ಬೆಳಿಗ್ಗೆ ಶಾಲೆಯ ಬೇವಿನ ಟೊಂಗೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿ, ಬಿಸಿಲೇರಿದ ಮೇಲೆ ಮಕ್ಕಳನ್ನು ಕರೆದೊಯ್ದೆ. ಚೀಲದ ಒಳಮೈಯಲ್ಲಿ ಹನಿಗಳಿದ್ದವು. "ಇದೇನು?" ಎಂದೆ. "ನೀರು" ಎಂದರು. "ಎಲೆಯಿಂದ ನೀರು ಹೇಗೆ ಹೊರಗೆ ಬಂತು?" ಎಂಬ ಪ್ರಶ್ನೆಗೆ ಎಲ್ಲರೂ ಸುಮ್ಮನಾದರು. ಇಡೀ ವಾರ ಬಾಯಿ ಬಿಡದಿದ್ದ ಹಿಂದಿನ ಸಾಲಿನ ಹುಡುಗಿಯೊಬ್ಬಳು "ವಾಫ್, ಟೀಚರ್" ಎಂದಳು. ಪಕ್ಕದವರು ನಕ್ಕರು, ಅದು ಕನ್ನಡವಲ್ಲ ಎಂದು. ಪಾಠ ಮುಂದುವರಿಯಿತು. ವೀಕ್ಷಣೆಗೆ ಬಂದಿದ್ದ ಸಹಪಾಠಿಯ ಪುಸ್ತಕದಲ್ಲಿ "ಉದಾಹರಣೆ ಚೆನ್ನಾಗಿತ್ತು" ಎಂದು ದಾಖಲಾಯಿತು.

ಆ ಸಂಜೆ ನನ್ನ ಸ್ವಂತ ನೋಟುಪುಸ್ತಕದಲ್ಲಿ ಅವಳ ಮಾತನ್ನು ಇದ್ದ ಹಾಗೇ ಬರೆದೆ: ವಾಫ್. ಕೆಳಗೆ ಉರ್ದು, ಹಿಂದಿಯವರು ಹೇಳುವ ಭಾಪ್. ಅದರ ಕೆಳಗೆ ಪಠ್ಯದ ಬಾಷ್ಪ. ಮೂರೂ ಒಂದರ ಕೆಳಗೊಂದು ಬಂದ ಮೇಲೆ ಕಣ್ಣಿಗೆ ಹೊಳೆಯಿತು, ಇವು ಒಂದೇ ಮನೆತನದ ಮಾತುಗಳು. ಸಂಸ್ಕೃತದ ಬಾಷ್ಪವೇ ಹಿಂದಿ, ಉರ್ದುವಿನಲ್ಲಿ ಭಾಪ್, ಮರಾಠಿಯಲ್ಲಿ ವಾಫ್. ನಮ್ಮ ಆವಿಗೆ ತೆಲುಗಿನ ಆವಿರಿ ನೆಂಟ. ಬಾಷ್ಪವಿಸರ್ಜನೆ ಕಠಿಣ ಪದ, ಮಕ್ಕಳಿಗೆ ದೂರದ ಪದ ಎಂದು ನಾವು ಕಾಲೇಜಿನಲ್ಲಿ ಚರ್ಚಿಸಿದ್ದೆವು. ಆದರೆ ಆ ತರಗತಿಯಲ್ಲಿ ಆ ಪದಕ್ಕೆ ಎಲ್ಲರಿಗಿಂತ ಹತ್ತಿರದಲ್ಲಿದ್ದವಳು ಕನ್ನಡ ಬಾರದು ಎಂದು ಎಲ್ಲರೂ ತಿಳಿದಿದ್ದ ಆ ಹುಡುಗಿ.

ಮರುದಿನ ಕಪ್ಪುಹಲಗೆಯ ಮೇಲೆ ಐದು ಪದಗಳನ್ನು ಎರಡು ಸಾಲಿನಲ್ಲಿ ಬರೆದೆ. ಒಂದು ಸಾಲು ಆವಿ, ಆವಿರಿ. ಇನ್ನೊಂದು ಸಾಲು ಬಾಷ್ಪ, ಭಾಪ್, ವಾಫ್. "ಇವುಗಳಲ್ಲಿ ನಿಮ್ಮ ಮನೆಯದು ಯಾವುದು?" ಎಂದು ಕೇಳಿದೆ. ತರಗತಿಯೆಲ್ಲ ಮಾತಾಡಿತು. ಹಿಂದಿನ ದಿನ ನಕ್ಕವರೇ ಅವಳ ಪದವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ವಿಸರ್ಜನೆ ಎಂದರೇನು ಎಂಬುದನ್ನು ಗಣೇಶನ ಹಬ್ಬ ಹೇಳಿಕೊಟ್ಟಿತು. ಕಳಿಸುವುದು, ಹೊರಗೆ ಬಿಡುವುದು. ಬಾಷ್ಪವಿಸರ್ಜನೆ ಎಂಬ ಆರಕ್ಷರದ ಪದ ಅವರದ್ದೇ ಆಯಿತು.

ಬರೆಯುವುದರಿಂದ ಸಿಗುವ ಫಲ ಎಂದು ನಾನು ಹೇಳುವುದು ಇದನ್ನು. ಆ ಮಾತು ತರಗತಿಯಲ್ಲಿ ನನ್ನ ಕಿವಿಗೆ ಬಿದ್ದಿತ್ತು, ಅರ್ಥವೂ ಆಗಿತ್ತು. ಅದರ ಬೆಲೆ ತಿಳಿದದ್ದು ಕಾಗದಕ್ಕೆ ಇಳಿದ ಮೇಲೆ. 40 ನಿಮಿಷದ ಪಾಠದಲ್ಲಿ ಶಿಕ್ಷಕಿಗೆ ನಿಂತು ನೋಡಲು ಸಮಯವಿರುವುದಿಲ್ಲ. ನಿಂತು ನೋಡುವ ಜಾಗ ಆ ಪುಟ.

ಮಕ್ಕಳೇ ಮೊದಲ ಓದುಗರು

ಎರಡನೆಯ ಫಲ ಮಕ್ಕಳಿಗಾಗಿ ಬರೆಯುವುದರಲ್ಲಿದೆ. ಎಂಟನೆಯ ತರಗತಿಗೆ ಲೋಹಗಳ ಪಾಠ ಮಾಡುವಾಗ ಬಿದ್ರಿ ಕಲೆಯ ಬಗ್ಗೆ ಒಂದು ಪುಟದ ಓದು ಸಾಮಗ್ರಿ ಸಿದ್ಧಮಾಡಿದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಲೆಯ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದರೊಳಗಿನ ರಸಾಯನಶಾಸ್ತ್ರ ಗೊತ್ತಿಲ್ಲ. ಹಿತ್ತಾಳೆಯೂ ತಾಮ್ರ ಮತ್ತು ಸತುವಿನ ಮಿಶ್ರಲೋಹ, ಬಿದ್ರಿಯೂ ಅದೇ. ಹಿತ್ತಾಳೆಯಲ್ಲಿ ತಾಮ್ರ ಹೆಚ್ಚು. ಬಿದ್ರಿಯಲ್ಲಿ ಸತುವೇ ಬಹುಪಾಲು. ಕೊನೆಯಲ್ಲಿ ಕೋಟೆಯ ಹಳೆಯ ಮಣ್ಣಿಗೆ ಅಮೋನಿಯಂ ಕ್ಲೋರೈಡ್ ಬೆರೆಸಿ ಹಚ್ಚಿದರೆ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ.

ಇದನ್ನು ಬೇಕೆಂದೇ ಎರಡು ರೀತಿಯಲ್ಲಿ ಬರೆದೆ. ಒಂದು, ನಮ್ಮ ವಿಜ್ಞಾನ ನೋಟ್ಸಿನ ಶೈಲಿ: "ಮೇಲ್ಮೈಯ ಮೇಲೆ ವಿನ್ಯಾಸವು ಕೆತ್ತಲ್ಪಟ್ಟು ಬೆಳ್ಳಿಯ ತಂತಿಯು ಅಳವಡಿಸಲ್ಪಡುತ್ತದೆ." ಇನ್ನೊಂದು, ಚೌಬಾರದ ಹತ್ತಿರದ ಓಣಿಯಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಕುಶಲಕರ್ಮಿಯ ಎದುರು ಕೂತು, "ಚಾಚಾ, ಆಮೇಲೇನು?" ಎಂದು ಕೇಳುತ್ತ ಬರೆದುಕೊಂಡದ್ದು: "ಮೊದಲು ತಾಮ್ರದ ಸಲ್ಫೇಟ್ ದ್ರಾವಣ ಹಚ್ಚಿ ಮೈಯನ್ನು ಕಪ್ಪಗೆ ಮಾಡುತ್ತಾರೆ, ಗೆರೆ ಕಾಣಲಿ ಎಂದು. ಉಳಿಯಿಂದ ಗೆರೆ ಕೊರೆಯುತ್ತಾರೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ." ಎರಡೂ ಪುಟಗಳನ್ನು ಮಕ್ಕಳಿಗೆ ಕೊಟ್ಟು, ಓದುವಾಗ ಎಲ್ಲಿ ನಿಲ್ಲುತ್ತೀರೋ ಅಲ್ಲಿ ಗೆರೆ ಎಳೆಯಿರಿ ಎಂದೆ.

ಮಿಶ್ರಲೋಹ, ಸಲ್ಫೇಟ್, ಅಮೋನಿಯಂ ಕ್ಲೋರೈಡ್ ಇವುಗಳ ಕೆಳಗೇ ಗೆರೆ ಬೀಳುತ್ತದೆ ಎಂದುಕೊಂಡಿದ್ದೆ. ಹೆಚ್ಚು ಗೆರೆಗಳು ಬಿದ್ದದ್ದು 'ಕೆತ್ತಲ್ಪಟ್ಟು', 'ಅಳವಡಿಸಲ್ಪಡುತ್ತದೆ' ಎಂಬಲ್ಲಿ. ಇಂಗ್ಲಿಷ್ ವಾಕ್ಯದ ನೆರಳಿನಲ್ಲಿ ಹುಟ್ಟಿದ ಈ 'ಲ್ಪಡು' ಕ್ರಿಯೆಗಳಲ್ಲಿ ಮಾಡುವವರು ಯಾರೆಂದು ಕಾಣುವುದಿಲ್ಲ. ಮಕ್ಕಳು ಅಲ್ಲೇ ದಾರಿ ತಪ್ಪುತ್ತಾರೆ. ಪಾರಿಭಾಷಿಕ ಪದಕ್ಕೆ ವಿವರಣೆ ಕೊಟ್ಟರೆ ಅದನ್ನು ಅವರು ಸಲೀಸಾಗಿ ಸ್ವೀಕರಿಸುತ್ತಾರೆ. ವಿಜ್ಞಾನದ ಕನ್ನಡ ಕಷ್ಟ ಎಂಬ ದೂರಿನಲ್ಲಿ ಎಷ್ಟು ಪಾಲು ಪದಗಳದ್ದು, ಎಷ್ಟು ಪಾಲು ವಾಕ್ಯದ್ದು ಎಂಬುದನ್ನು ಪ್ರಶಿಕ್ಷಕರು ಪರಿಶೀಲಿಸಬೇಕೆಂದು ವಿನಂತಿ. ಒಂದು ತರಗತಿಯ ಅನುಭವದಿಂದ ನಾನು ಸಿದ್ಧಾಂತ ಮಾಡಲಾರೆ. ಆದರೆ ಈ ಪ್ರಯೋಗವನ್ನು ಯಾವ ಶಾಲೆಯಲ್ಲಾದರೂ ಎರಡು ಹಾಳೆ ಖರ್ಚಿನಲ್ಲಿ ಮಾಡಬಹುದು.

ಅಂದಹಾಗೆ, ವಿಜ್ಞಾನದವರಿಗೆ ಬರವಣಿಗೆ ಏಕೆ ಎನ್ನುವವರು ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆಯಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವೇ 'ಹಸುರು ಹೊನ್ನು'. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿಕೆ ಬಿಟ್ಟು ಮಕ್ಕಳ ಶಿಕ್ಷಕರಾದವರು. ಅವರ 'ದಿವಾಸ್ವಪ್ನ'ವನ್ನು ನಾವು ಪಠ್ಯದ ಭಾಗವಾಗಿ ಹೆಸರಿಸುತ್ತೇವೆ. ಇಬ್ಬರೂ ಮೊದಲು ತರಗತಿಯನ್ನು ನೋಡಿದರು, ನೋಡಿದ್ದನ್ನು ಬರೆದರು. ನಮ್ಮ ಪುಟಗಳು ಅಷ್ಟು ಎತ್ತರಕ್ಕೆ ಏರಬೇಕಿಲ್ಲ. ಮರುದಿನದ ಪಾಠ ಸುಧಾರಿಸಿದರೆ ಸಾಕು.

ಕಷ್ಟಗಳು ಸುಳ್ಳಲ್ಲ

ಹೇಳಿದಷ್ಟು ಸುಲಭವಾಗಿ ಇದು ನಡೆಯುವುದಿಲ್ಲ. ಭಾಲ್ಕಿಯಿಂದ ಬೀದರಕ್ಕೆ, ಬೀದರದಿಂದ ಔರಾದಕ್ಕೆ ತಲಾ ಸುಮಾರು 40 ಕಿ.ಮೀ. ಬಸ್ಸಿನಲ್ಲೇ ದಿನದ ಎರಡು ಮೂರು ಗಂಟೆ ಹೋಗುತ್ತದೆ. ಮನೆಗೆ ಹೋದ ಮೇಲೆ ಅನೇಕ ಸಹಪಾಠಿಗಳಿಗೆ, ಅದರಲ್ಲೂ ಮದುವೆಯಾದ ಅಕ್ಕಂದಿರಿಗೆ, ಅಡಿಗೆ, ಮಗು, ಮುಸುರೆ ಕಾದಿರುತ್ತವೆ. ಅದರ ಮೇಲೆ ಚಾರ್ಟು, ಮಾದರಿ, ದಾಖಲೆ. ಉಳಿದ ಸಮಯ ಟಿಇಟಿ ತಯಾರಿಗೆ. ಅಲ್ಲಿ 150 ಪ್ರಶ್ನೆಗಳಿಗೂ ಸರಿಯುತ್ತರ ಆರಿಸುವುದಷ್ಟೇ ಕೆಲಸ, ಒಂದು ವಾಕ್ಯವನ್ನೂ ಬರೆಯಬೇಕಿಲ್ಲ. ನೌಕರಿಯ ಬಾಗಿಲಲ್ಲಿ ಕೇಳದ ಕೌಶಲಕ್ಕೆ ಶ್ರಮ ಏಕೆ ಎಂದು ಯಾರಾದರೂ ಕೇಳಿದರೆ ಅವರನ್ನು ದೂರಲಾರೆ.

ಸಂಕೋಚವೂ ಇದೆ. ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸುವಾಗ ಕೈ ಹಿಂದೆ ಸರಿಯುತ್ತದೆ. "ಇದು ಬೋಲಿಭಾಷೆ, ಇದನ್ನು ಬರೆಯಬಾರದು" ಎಂಬ ಮಾತನ್ನು ಹಿರಿಯರೊಬ್ಬರಿಂದ ನಾನು ಕೇಳಿದ್ದೇನೆ. ಪರೀಕ್ಷೆಯ ಉತ್ತರಕ್ಕೆ ಅವರ ಮಾತು ಸರಿ. ಮಗು ಆಡಿದ ಮಾತನ್ನು ದಾಖಲಿಸುವಾಗ ಅದನ್ನು ತಿದ್ದಿ ಬರೆದರೆ ದಾಖಲೆಯೇ ಹಾಳಾಗುತ್ತದೆ. ಪ್ರಯೋಗಾಲಯದಲ್ಲಿ ಉಷ್ಣಮಾಪಕ ತೋರಿಸಿದ ಅಂಕಿಯನ್ನು ನಾವು ಚೆಂದ ಕಾಣಲೆಂದು ಬದಲಿಸುತ್ತೇವೆಯೇ? 'ವಾಫ್' ಎಂಬುದು ಆ ದಿನದ ಅಳತೆ. ಅದನ್ನು ಇದ್ದಂತೆ ಬರೆಯುವುದೇ ವಿಜ್ಞಾನದ ಶಿಸ್ತು.

ಈಚೆಗೆ ಇನ್ನೊಂದು ಮಾತು ಕೇಳುತ್ತಿದೆ. ಮೊಬೈಲಿನಲ್ಲಿ ಕೇಳಿದರೆ ಕ್ಷಣದಲ್ಲಿ ಪಾಠ ಯೋಜನೆ ಬರೆದುಕೊಡುವ ತಂತ್ರಾಂಶಗಳು ಬಂದಿವೆ, ಇನ್ನು ಬರೆಯುವುದೇಕೆ ಎಂದು. ಮೊದಲು ಹಿರಿಯ ಬ್ಯಾಚಿನವರ ದಾಖಲೆ ಕೈಯಿಂದ ಕೈಗೆ ಬರುತ್ತಿತ್ತು, ಈಗ ಪರದೆಯ ಮೇಲೆ ಬರುತ್ತದೆ. ಯೋಜನೆಗೆ ಅದರಿಂದ ಸಹಾಯ ಪಡೆಯಲಿ, ನನಗೆ ಆಕ್ಷೇಪವಿಲ್ಲ. ಆದರೆ ಈ ದಿನ ಔರಾದ ತಾಲ್ಲೂಕಿನ ಒಂದು ಬೇವಿನ ಗಿಡದ ಕೆಳಗೆ ಒಬ್ಬ ಹುಡುಗಿ ಏನೆಂದಳು ಎಂಬುದು ಅಲ್ಲಿದ್ದ ಶಿಕ್ಷಕಿಗೆ ಮಾತ್ರ ಗೊತ್ತು. ಯೋಜನೆಯನ್ನು ಬೇರೆಯವರು ಬರೆದುಕೊಡಬಹುದು; ಪಾಠ ಮುಗಿದ ಮೇಲಿನ ಪುಟವನ್ನು ಯಾರೂ ಬರೆದುಕೊಡಲಾರರು.

ಐದು ಸಲಹೆಗಳು

ಮಾನ್ಯ ಪ್ರಶಿಕ್ಷಕರ ಮತ್ತು ಸಹಪಾಠಿಗಳ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು, ಸಮಯ. ಇಂಟರ್ನ್‌ಶಿಪ್ ಶಾಲೆಯಲ್ಲೇ, ಪಾಠ ಮಾಡಿದ ದಿನ, ಮಧ್ಯಾಹ್ನದ ಊಟದ ನಂತರ 15 ನಿಮಿಷವನ್ನು ಇದಕ್ಕೆಂದೇ ಬಿಡಬೇಕು. ಮನೆಗೆ ಒಯ್ದರೆ ಅದು ನಡೆಯುವುದಿಲ್ಲ.

ಎರಡನೆಯದು, ಅಂಕ ಬೇಡ. ಬರೆದಿದ್ದಾರೆಯೇ ಎಂದು ನೋಡಲಿ, ಏನು ಬರೆದಿದ್ದಾರೆ ಎಂಬುದಕ್ಕೆ ಅಂಕ ಕೊಡುವುದು ಬೇಡ. ಕೂಡದ ಪಾಠವನ್ನು ಬರೆಯುವ ಸ್ವಾತಂತ್ರ್ಯ ಇದ್ದಾಗಲೇ ಕೂಡಿದ ಪಾಠದ ಬರಹಕ್ಕೂ ಬೆಲೆ ಬರುತ್ತದೆ. ಒಂದು ದಾಖಲೆಯನ್ನು ಕಡಿಮೆ ಮಾಡಿ ಇದಕ್ಕೆ ಜಾಗ ಕೊಟ್ಟರೆ ಹೊರೆಯೂ ಹೆಚ್ಚಾಗದು.

ಮೂರನೆಯದು, ಭಾಷೆ. ಮಕ್ಕಳು ಆಡಿದ ಮಾತು ಮರಾಠಿಯೋ ಉರ್ದುವೋ ಲಂಬಾಣಿಯೋ, ಆಡಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರಲಿ. ಪುಟಕ್ಕೆ ಕನಿಷ್ಠ ಒಂದು ಇಂಥ ಮಾತು ಇರಲೇಬೇಕು ಎಂಬುದೊಂದೇ ನಿಯಮ ಸಾಕು. ಆ ನಿಯಮವಿದ್ದರೆ ಪಾಠದ ಹೊತ್ತಿಗೆ ಕಿವಿ ತಾನಾಗಿ ತೆರೆದುಕೊಳ್ಳುತ್ತದೆ.

ನಾಲ್ಕನೆಯದು, ಓದುಗರು. ವಾರಕ್ಕೊಮ್ಮೆ ಇಬ್ಬಿಬ್ಬರು ಕೂತು ಒಬ್ಬರದನ್ನೊಬ್ಬರು ಓದಲಿ. ತಿದ್ದುವುದು ಬೇಡ, ಎರಡು ಪ್ರಶ್ನೆ ಕೇಳಿದರೆ ಸಾಕು. ನನ್ನ ಬಿದ್ರಿ ಪುಟ ಓದಿದ ಗೆಳತಿ "ಬೆಳ್ಳಿ ಏಕೆ ಕಪ್ಪಾಗುವುದಿಲ್ಲ ಎಂದು ಮಕ್ಕಳು ಕೇಳಿದರೆ?" ಎಂದಳು. ಆ ಒಂದು ಪ್ರಶ್ನೆಯಿಂದ ಪುಟಕ್ಕೆ ಇನ್ನೊಂದು ಪ್ಯಾರಾ ಸೇರಿತು. ಮಕ್ಕಳು ಅದನ್ನೇ ಕೇಳಿದರು ಕೂಡ.

ಐದನೆಯದನ್ನು ಹಿರಿಯರಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಪ್ರಶಿಕ್ಷಕರೂ ತಮ್ಮ ತರಗತಿಯ ಬಗ್ಗೆ ಇಂಥ ಒಂದು ಪುಟ ಬರೆದು ನಮಗೆ ಓದಿ ಹೇಳಬೇಕು. ಪಾಠ ಕೂಡದ ದಿನ ಅನುಭವಿ ಶಿಕ್ಷಕರಿಗೂ ಇರುತ್ತದೆ, ಅವರು ಅದನ್ನು ಹೇಗೆ ನೋಡುತ್ತಾರೆ ಎಂಬುದು ನಮಗೆ ಯಾವ ಪಠ್ಯದಲ್ಲೂ ಸಿಗುವುದಿಲ್ಲ. ನಮ್ಮ ಈ ಪತ್ರಿಕೆ ಪ್ರತಿ ಸಂಚಿಕೆಯಲ್ಲಿ ಎರಡು ಪುಟ ಇಂಥ ಬರಹಗಳಿಗೆ ಮೀಸಲಿಟ್ಟರೆ ಒಳ್ಳೆಯ ಆರಂಭವಾದೀತು.

ನಾನು ಲೇಖಕಿಯಾಗಿದ್ದೇನೆ ಎಂದು ಹೇಳಿಕೊಳ್ಳಲಾರೆ. ಇಂಟರ್ನ್‌ಶಿಪ್ ಮುಗಿದಾಗ ನನ್ನ ನೋಟುಪುಸ್ತಕದಲ್ಲಿ 60 ಚಿಲ್ಲರೆ ಪುಟಗಳಿದ್ದವು. ಅವುಗಳಲ್ಲಿ ಅರ್ಧದಷ್ಟನ್ನು ಈಗ ಓದಿದರೆ ಏನೂ ಹೇಳುವುದಿಲ್ಲ. ಉಳಿದ ಪುಟಗಳಲ್ಲಿ ಮಕ್ಕಳಿದ್ದಾರೆ. ಅವರು ಎಲ್ಲಿ ನಿಂತರು, ಯಾವ ಮಾತಿಗೆ ಕಣ್ಣರಳಿಸಿದರು, ಯಾವ ವಾಕ್ಯದ ಕೆಳಗೆ ಗೆರೆ ಎಳೆದರು ಎಂಬ ವಿವರಗಳಿವೆ. ಮೊದಲ ವಾರದ ಪುಟಗಳಲ್ಲಿ "ವಿದ್ಯಾರ್ಥಿಗಳು" ಎಂದಷ್ಟೇ ಇದೆ. ಕೊನೆಯ ವಾರಗಳಲ್ಲಿ ಒಬ್ಬೊಬ್ಬರ ಹೆಸರಿದೆ. ನಾನು ಬೆಳೆದಿದ್ದರೆ ಅಷ್ಟೇ ಬೆಳೆದದ್ದು, ಆದರೆ ಅದು ನನಗೆ ಕಡಿಮೆಯೇನೂ ಅಲ್ಲ.

ಮುಂದಿನ ಬ್ಯಾಚಿನವರು ಔರಾದ ಕಡೆಯ ಶಾಲೆಗಳಿಗೆ ಹೊರಡುವ ಮುನ್ನ ಗ್ರಂಥಾಲಯದಲ್ಲಿ ಹಳೆಯ ದಾಖಲೆಗಳನ್ನು ಹುಡುಕುತ್ತಾರೆ, ನಾವೂ ಹುಡುಕಿದ್ದೆವು. ಅವರಿಗೆ ಅಲ್ಲಿ ಆ ಶಾಲೆಯ ಮಕ್ಕಳು ಏನು ಮಾತಾಡುತ್ತಾರೆ, ಏನು ಕೇಳುತ್ತಾರೆ ಎಂದು ತಿಳಿಸುವ ನಾಲ್ಕು ಪುಟಗಳೂ ಸಿಗಲಿ. ಅವನ್ನು ಬರೆದಿಡಬೇಕಾದವರು ಈಗ ಅಲ್ಲಿಂದ ಬಂದಿರುವ ನಾವೇ.